ಒಂದು ಸೈಲೆನ್ಸರ್‌ಗಾಗಿ ಹತ್ತು ತಿಂಗಳು: ಅಮೆರಿಕದ ಕನ್ನಡ ಬಂಧುಗಳಿಗೆ ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರ.

ಈ ಸಲದ ಯುಗಾದಿ ಊಟದಲ್ಲಿ ನಾನು ಹೋಳಿಗೆ ಬಡಿಸುತ್ತಿದ್ದೆ. ಗೆಳೆಯರೊಬ್ಬರು ಕೂತಲ್ಲಿಂದಲೇ ಕೂಗಿ ಕೇಳಿದರು: "ಏನ್ರೀ, ಬಂದೂಕಿಗೆ ಸೈಲೆನ್ಸರ್ ತಗೊಂಡಿದ್ದೀರಂತೆ? ಯಾರನ್ನ ಮುಗಿಸ್ಬೇಕು ಅಂತಿದ್ದೀರಿ?" ಸುತ್ತ ಇದ್ದವರೆಲ್ಲ ನಕ್ಕರು. ಒಬ್ಬರು ಅಕ್ಕ ಮಾತ್ರ ನಗಲಿಲ್ಲ. ಪಕ್ಕದಲ್ಲಿದ್ದ ಮಗನ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದರು.

ಆ ಅಕ್ಕನ ಮೇಲೆ ನನಗೆ ಬೇಸರವಿಲ್ಲ. ಅವರ ಮಗನೂ ನನ್ನ ಮಗನೂ ಒಂದೇ ಸ್ಕೂಲು. ಬಂದೂಕು ಹಿಡಿದವನು ಸ್ಕೂಲಿಗೆ ನುಗ್ಗಿದರೆ ದೀಪ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ಇಬ್ಬರೂ ಅಲ್ಲೇ ಕಲಿತಿದ್ದಾರೆ. ಬಂದೂಕು ಅಂದರೆ ಆ ತಾಯಿಯ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಈ ಪತ್ರ ನಿಮಗೆಲ್ಲರಿಗೂ ಬರೆದದ್ದು. ಆದರೆ ಬರೆಯುವಾಗ ಕಣ್ಣ ಮುಂದೆ ಇದ್ದವರು ಆ ಅಕ್ಕನೇ.

ನಾನು ಕೊಪ್ಪದ ಕಡೆಯವನು. ನಮ್ಮದು ಒಂದಿಷ್ಟು ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಹಂದಿ ಕಾಯಲು ಮಾಳಕ್ಕೆ, ಅಂದರೆ ಗದ್ದೆ ಕಾಯುವ ಅಟ್ಟಣೆಗೆ, ಹೋಗಬೇಕಿತ್ತು. ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ಹೆಚ್ಚಿನ ದಿನ ಅದನ್ನು ಆಕಾಶಕ್ಕೇ ಹಾರಿಸುತ್ತಿದ್ದರು. ಸದ್ದಿಗೆ ಹಂದಿ ಓಡಿದರೆ ಸಾಕು ಅನ್ನುವ ಲೆಕ್ಕ. ಅಪ್ಪಯ್ಯ ಎಂಟನೇ ವಯಸ್ಸಿನಿಂದ ಅಜ್ಜನ ಮಗ್ಗುಲಲ್ಲಿ ಕೂತು, ಆಮೇಲೆ ತಾವೇ ಕೋವಿ ಹಿಡಿದು, ಮೂವತ್ತು ವರ್ಷ ಗದ್ದೆ ಕಾದರು. ನಲವತ್ತೈದು ದಾಟುವ ಹೊತ್ತಿಗೆ ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗೈಯಲ್ಲಿ ಗುಂಡು ಹೊಡೆಯುವವರಿಗೆ ಮೊದಲು ಹೋಗುವುದು ಎಡಗಿವಿಯೇ. ಕೋವಿಯ ಹಿಡಿಗೆ ಕೆನ್ನೆ ಒತ್ತಿದಾಗ ಬಲಗಿವಿಗೆ ತಲೆಯೇ ಮರೆಯಾಗುತ್ತದೆ, ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ. ಇದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಇಲ್ಲಿನ ಕಿವಿ ಡಾಕ್ಟರೊಬ್ಬರ ಬಾಯಿಂದ. ಊರಲ್ಲಿ ಎಲ್ಲರೂ "ವಯಸ್ಸಾಯ್ತಲ್ಲ" ಅಂದು ಸುಮ್ಮನಾಗಿದ್ದರು. ಅಮ್ಮ ಮಾತ್ರ ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು, ಹತ್ತಿರ ಹೋಗಿ ಭುಜ ಮುಟ್ಟಿ ಮಾತಾಡಿಸುವುದನ್ನು ಅಭ್ಯಾಸ ಮಾಡಿಕೊಂಡರು.

ನಾನು ಟೆಕ್ಸಾಸ್‌ಗೆ ಬಂದದ್ದು 2006ರಲ್ಲಿ. ಕೆಲಸದ ವೀಸಾದಲ್ಲಿ ಇದ್ದಷ್ಟು ದಿನ ಬಂದೂಕಿನ ಯೋಚನೆಯನ್ನೇ ಮಾಡಲಿಲ್ಲ. ವೀಸಾದ ಮೇಲೆ ಬಂದವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ಕೆಲವು ವಿನಾಯಿತಿ ಬಿಟ್ಟರೆ ನಿಷೇಧಿಸುತ್ತದೆ. ಹೊಸದಾಗಿ ಬಂದ ನಮ್ಮ ಹುಡುಗರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಗ್ರೀನ್ ಕಾರ್ಡ್ ಬಂತು, ಪೌರತ್ವವೂ ಬಂತು. ಊರಾಚೆ ಸ್ವಲ್ಪ ಜಮೀನು ತಗೊಂಡೆ. ಮೊದಲ ವರ್ಷವೇ ನಾನು ಹಾಕಿದ ಜೋಳ, ಕುಂಬಳ ಒಂದೇ ರಾತ್ರಿಯಲ್ಲಿ ನೆಲಸಮವಾಯಿತು. ಬೆಳಗ್ಗೆ ಹೋಗಿ ನೋಡಿದರೆ ನೇಗಿಲು ಹೊಡೆದ ಹಾಗೆ ಮಣ್ಣು ಮಗುಚಿತ್ತು. ಮೂತಿಯ ಗುರುತು ನೋಡಿದ ಕೂಡಲೇ ಗೊತ್ತಾಯಿತು, ಹಂದಿ.

ಇಲ್ಲಿಯ ಹಂದಿ ಈ ನೆಲದ್ದಲ್ಲ. 1500ರ ದಶಕಗಳಲ್ಲಿ ಸ್ಪೇನಿನವರು ತಂದ ಸಾಕುಹಂದಿಗಳು ಕಾಡು ಸೇರಿದವು. ಆಮೇಲೆ ಬೇಟೆಯ ಮೋಜಿಗೆ ಅಂತ ಯುರೋಪಿನ ಕಾಡುಹಂದಿಯನ್ನೂ ತಂದು ಬಿಟ್ಟರು. ಎರಡೂ ಬೆರೆತು, ಈಗ ಟೆಕ್ಸಾಸ್ ಒಂದರಲ್ಲೇ 20 ಲಕ್ಷಕ್ಕೂ ಜಾಸ್ತಿ ಇವೆ ಅನ್ನುವ ಅಂದಾಜಿದೆ. ರಾಜ್ಯದ 254 ಕೌಂಟಿಗಳಲ್ಲಿ ಹಂದಿಯಿಲ್ಲದ ಕೌಂಟಿ ಹುಡುಕುವುದು ಕಷ್ಟ. ಹಾಗಾಗಿ 2019ರಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಹಂದಿ ಹೊಡೆಯಲು ಬೇಟೆ ಲೈಸೆನ್ಸೂ ಬೇಡ ಅಂತ ರಾಜ್ಯ ಸರ್ಕಾರವೇ ಹೇಳಿದೆ. ಅಜ್ಜನ ಕೆಲಸ ನನ್ನ ಪಾಲಿಗೆ ಮತ್ತೆ ಬಂತು. ಆದರೆ ಅಪ್ಪಯ್ಯನ ಕಿವಿ ನನ್ನ ಪಾಲಿಗೆ ಬರುವುದು ನನಗೆ ಬೇಕಿರಲಿಲ್ಲ.

ರೈಫಲ್ ಕೊಂಡ ದಿನದ ಕಥೆ ಚಿಕ್ಕದು. ಅಂಗಡಿಯಲ್ಲಿ ಫಾರಂ ತುಂಬಿದೆ, ಗುರುತಿನ ಚೀಟಿ ತೋರಿಸಿದೆ, ಅವರು ಕಂಪ್ಯೂಟರಿನಲ್ಲಿ ನನ್ನ ಹಿನ್ನೆಲೆ ತಪಾಸಣೆ ಮಾಡಿಸಿದರು. ಅರ್ಧ ಗಂಟೆಯೊಳಗೆ ರೈಫಲ್ ನನ್ನ ಗಾಡಿಯಲ್ಲಿತ್ತು. 1993ರ ಬ್ರೇಡಿ ಕಾನೂನಿನ ಪ್ರಕಾರ ಆ ತಪಾಸಣೆಗೆ ಮೂರು ಕೆಲಸದ ದಿನಗಳ ಗಡುವು ಇದೆ. ಅಷ್ಟರಲ್ಲಿ ಸರ್ಕಾರದ ಉತ್ತರ ಬರದಿದ್ದರೆ ಅಂಗಡಿಯವರು ಬಂದೂಕು ಕೊಡಬಹುದು. ಗಡುವು ಕಾಯುವ ಜವಾಬ್ದಾರಿ ಸರ್ಕಾರದ್ದು.

ಸೈಲೆನ್ಸರ್ ಕಥೆಯೇ ಬೇರೆ. 2022ರ ಸೆಪ್ಟೆಂಬರಿನಲ್ಲಿ ಅದೇ ಅಂಗಡಿಯಲ್ಲಿ 800 ಡಾಲರ್ ಚಿಲ್ಲರೆ ಕೊಟ್ಟು ಒಂದು ಸೈಲೆನ್ಸರ್ ಕೊಂಡೆ. ಅದರ ಮೇಲೆ ಸರ್ಕಾರಕ್ಕೆ 200 ಡಾಲರ್ ತೆರಿಗೆ. ಹತ್ತೂ ಬೆರಳಿನ ಅಚ್ಚು ಕೊಟ್ಟೆ, ಪಾಸ್‌ಪೋರ್ಟಿಗೆ ತೆಗೆಸುವಂಥ ಫೋಟೋ ಕೊಟ್ಟೆ, ಅರ್ಜಿಯ ಒಂದು ಪ್ರತಿಯನ್ನು ನಮ್ಮ ಕೌಂಟಿಯ ಶೆರಿಫ್‌ಗೂ ಕಳಿಸಿದೆ. ಅಂಗಡಿಯವರು ಡಬ್ಬ ತೆರೆದು, ಒಂದು ಸಲ ಕೈಗೆ ಕೊಟ್ಟು, ಮತ್ತೆ ತಗೊಂಡು ತಿಜೋರಿಯಲ್ಲಿಟ್ಟು ಬೀಗ ಹಾಕಿದರು. ಹಣ ನನ್ನದು, ವಸ್ತು ನನ್ನದು. ಒಪ್ಪಿಗೆ ಬರುವ ತನಕ ಮನೆಗೆ ತರುವ ಹಾಗಿಲ್ಲ. ಇಲ್ಲಿನ ಬೇಟೆಗಾರರು ಇದನ್ನು "ಜೈಲು" ಅಂತಾರೆ. "ನಂದು ಇನ್ನೂ ಜೈಲಲ್ಲಿದೆ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಆ ನವೆಂಬರಿನಲ್ಲಿ ಅಪ್ಪಯ್ಯ ಬಂದರು. ಅಮ್ಮ ತೀರಿಕೊಂಡ ಮೇಲೆ ಅವರು ಊರು ಬಿಟ್ಟು ಹೊರಟದ್ದು ಅದೇ ಮೊದಲು. ವಿಸಿಟರ್ ವೀಸಾ, ಆರು ತಿಂಗಳು. ಹಂದಿ ಗದ್ದೆಗೆ ಬಂದಿದೆ ಅಂದ ಕೂಡಲೇ ಅವರ ಮುಖ ಅರಳಿತು. ರಾತ್ರಿ ನನ್ನ ಜೊತೆ ಬಂದು ಜಮೀನಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಥೇಟ್ ಮಾಳದಲ್ಲಿ ಕೂತ ಹಾಗೆ. ಗುಂಡು ಹೊಡೆಯುವ ಮೊದಲು ನಾನು ಅವರಿಗೆ ಕಿವಿಗೆ ಮಫ್ ಹಾಕಿ ಅನ್ನುತ್ತಿದ್ದೆ. "ಇರೋದೊಂದು ಕಿವಿ, ಅದ್ನೂ ಮುಚ್ಕೊಂಡ್ರೆ ಹಂದಿ ಬಂದಿದ್ದು ಹ್ಯಾಂಗೆ ಗೊತ್ತಾಗ್ತದಾ?" ಅಂತ ತೆಗೆದುಬಿಡುತ್ತಿದ್ದರು. ಒಂದು ರಾತ್ರಿ ಹಾಗೇ ಆಯಿತು. ನಾನು ಹೊಡೆದೆ, ಅವರು ಬಲಗಿವಿ ಹಿಡಿದುಕೊಂಡು ಬಗ್ಗಿದರು. ಎರಡು ದಿನ ಆ ಕಿವಿಯಲ್ಲೂ ಜೀರುಂಡೆ ಕೂಗಿದ ಹಾಗೆ ಗುಂಯ್ ಅನ್ನುತ್ತಿತ್ತಂತೆ. ಅದಾದ ಮೇಲೆ ನಾನು ಅವರನ್ನು ಕರೆದುಕೊಂಡು ಹೋಗಲಿಲ್ಲ. ಅವರು ವರಾಂಡದಲ್ಲೇ ಕೂತು ಕತ್ತಲು ನೋಡುತ್ತಿದ್ದರು.

ಆ ಚಳಿಗಾಲ ಪೂರ್ತಿ ನಾನು ಅರ್ಜಿ ಎಲ್ಲಿಗೆ ಬಂತು ಅಂತ ನೋಡುತ್ತಿದ್ದೆ. ದಿನವೂ ಅದೇ ಒಂದು ಸಾಲು, "ಪರಿಶೀಲನೆಯಲ್ಲಿದೆ". ಅರ್ಜಿ ನೋಡುವ ಫೆಡರಲ್ ಕಚೇರಿಗೆ ಫೋನ್ ಮಾಡಿದೆ. ಸೌಜನ್ಯವಾಗಿಯೇ ಮಾತಾಡಿದರು, ಆದರೆ ಯಾವಾಗ ಅಂತ ಹೇಳಲು ಅವರಿಗೂ ಗೊತ್ತಿರಲಿಲ್ಲ. ಏನಾದರೂ ಕೊರತೆ ಇದೆಯಾ ಅಂದರೆ ಇಲ್ಲ. ಹಾಗಾದರೆ ಯಾಕೆ ತಡ ಅಂದರೆ ಸಾಲು ಉದ್ದ ಇದೆ. ನನಗಿಂತ ಎರಡು ತಿಂಗಳು ತಡವಾಗಿ ಹಾಕಿದ ಗೆಳೆಯನಿಗೆ ನನಗಿಂತ ಮೊದಲು ಬಂತು. ಕಾರಣ ಕೇಳುವುದಕ್ಕೆ ಜಾಗವಿಲ್ಲ. ಏಪ್ರಿಲ್ ಕೊನೆಗೆ ಅಪ್ಪಯ್ಯ ಊರಿಗೆ ಹೊರಟರು. ಒಪ್ಪಿಗೆ ಬಂದದ್ದು 2023ರ ಜುಲೈನಲ್ಲಿ. ಹತ್ತು ತಿಂಗಳು.

ಆ ಕಚೇರಿಯಲ್ಲಿ ಕೂತು ಫೈಲು ನೋಡುವವರ ಮೇಲೆ ನನಗೆ ಸಿಟ್ಟಿಲ್ಲ. ಮಲೆನಾಡಿನವನಿಗೆ ತಾಲ್ಲೂಕು ಕಚೇರಿಯ ಬೆಂಚು ಹೊಸದೇನಲ್ಲ, ಫೈಲು ಹೊರುವವರ ಕಷ್ಟವೂ ಗೊತ್ತು. ನನ್ನ ತಕರಾರು ಕಾನೂನಿನ ಮೇಲೆ. ಇಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು ಎಂದು ಆ ಕಾನೂನು ಎಲ್ಲೂ ಹೇಳಿಲ್ಲ. ಗುಂಡು ಹಾರಿಸುವ ವಸ್ತುವಿಗೆ ಮೂರು ದಿನದ ಗಡುವು ಇದೆ. ಅದರ ಸದ್ದು ತಗ್ಗಿಸುವ ಕೊಳವೆಗೆ ಗಡುವೇ ಇಲ್ಲ.

ಇದು ಹೇಗಾಯಿತು ಅನ್ನುವುದನ್ನು ಹೇಳಲೇಬೇಕು. ಆ ಕಾನೂನು 1934ರದ್ದು, ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್. ಮದ್ಯ ನಿಷೇಧದ ಕಾಲದಲ್ಲಿ ಬೀದಿಗಳಲ್ಲಿ ಗ್ಯಾಂಗುಗಳು ಮೆಷಿನ್ ಗನ್ ಹಿಡಿದು ಕಾದಾಡಿದ್ದವು. ಅದನ್ನು ತಡೆಯಲು ರೂಸ್‌ವೆಲ್ಟ್ ಸರ್ಕಾರ ಮೆಷಿನ್ ಗನ್ನಿಗೆ ನೋಂದಣಿ ಮತ್ತು 200 ಡಾಲರ್ ತೆರಿಗೆ ಹಾಕಿತು. ಅಂದಿನ 200 ಡಾಲರ್ ಅಂದರೆ ಇಂದಿನ ಲೆಕ್ಕದಲ್ಲಿ 4,000 ಡಾಲರಿಗೂ ಹೆಚ್ಚು. ಯಾರೂ ಕೊಳ್ಳಲಾಗದಿರಲಿ ಎಂದೇ ಹಾಕಿದ ತೆರಿಗೆ. ಸೈಲೆನ್ಸರನ್ನೂ ಅದೇ ಪಟ್ಟಿಗೆ ಸೇರಿಸಿದರು. ಯಾಕೆ ಸೇರಿಸಿದರು ಅನ್ನುವುದಕ್ಕೆ ಅಂದಿನ ಚರ್ಚೆಗಳಲ್ಲಿ ನೆಟ್ಟಗಿನ ಉತ್ತರ ಸಿಗುವುದಿಲ್ಲ. ಈಗ ನೋಂದಣಿಯಿಲ್ಲದ ಸೈಲೆನ್ಸರ್ ಕೈಯಲ್ಲಿದ್ದರೆ ಹತ್ತು ವರ್ಷದವರೆಗೆ ಜೈಲು. ಸಿಂಗಲ್ ಹೆಸರಿನಲ್ಲಿ ನೋಂದಾಯಿಸಿದ್ದರೆ, ನಾನು ಊರಲ್ಲಿಲ್ಲದಾಗ ನನ್ನ ತಿಜೋರಿಯ ಬೀಗದ ಕೈ ಹೆಂಡತಿಯ ಹತ್ತಿರ ಇರುವುದೂ ತೊಂದರೆಯೇ. ಅದಕ್ಕೇ ಜನ ಹಲವರು ಸೇರಿ ಇಟ್ಟುಕೊಳ್ಳಬಹುದಾದ ಟ್ರಸ್ಟ್ ಮಾಡಿಕೊಳ್ಳುತ್ತಾರೆ. 2016ರ ನಂತರ ಟ್ರಸ್ಟಿನಲ್ಲಿ ಹೊಣೆ ಇರುವ ಎಲ್ಲರೂ ಬೆರಳಚ್ಚು ಕೊಡಬೇಕು.

ಸೈಲೆನ್ಸರ್ ಹುಟ್ಟಿದ ಕಥೆ ನನ್ನನ್ನು ಬಹಳ ಕಾಡುತ್ತದೆ. ಮೆಷಿನ್ ಗನ್ ಕಂಡುಹಿಡಿದವರು ಹೈರಮ್ ಮ್ಯಾಕ್ಸಿಮ್. ವರ್ಷಗಟ್ಟಲೆ ತಮ್ಮದೇ ಬಂದೂಕುಗಳನ್ನು ಪರೀಕ್ಷೆ ಮಾಡಿ ಮಾಡಿ ಕೊನೆಗಾಲದಲ್ಲಿ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದರು. ಮಗ ಅಪ್ಪನಿಗಾಗಿಯೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಕಿವುಡಾದ ಅಪ್ಪ, ಸದ್ದು ತಗ್ಗಿಸಿದ ಮಗ ಅನ್ನುವುದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯೇ. ಅದೇ ಮಗ ಎಂಜಿನ್ನಿನ ಸದ್ದು ತಗ್ಗಿಸುವ ಕೊಳವೆಗಳನ್ನೂ ಮಾಡಿದರು. ಬೈಕಿಗೆ ಹಾಕುವುದನ್ನೂ ಬಂದೂಕಿಗೆ ಹಾಕುವುದನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಕೆಲಸವೂ ಒಂದೇ. ನಮ್ಮೂರಲ್ಲಿ ಬೈಕಿನ ಸೈಲೆನ್ಸರ್ ಕಿತ್ತು ಸದ್ದು ಮಾಡುವ ಹುಡುಗರಿಗೆ ಪೊಲೀಸರು ದಂಡ ಹಾಕುತ್ತಾರೆ. ಇಲ್ಲಿ ಬಂದೂಕಿಗೆ ಹಾಕಿಕೊಳ್ಳುತ್ತೇನೆ ಅನ್ನುವವನು ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಅಕ್ಕಾ, ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಕೊಲೆಗಾರ ಪಿಸ್ತೂಲಿಗೆ ಕೊಳವೆ ತಿರುಗಿಸುತ್ತಾನೆ, ಫುಸ್ ಅಂತ ಸದ್ದಾಗುತ್ತದೆ, ಪಕ್ಕದ ಕೋಣೆಯವರಿಗೂ ಕೇಳುವುದಿಲ್ಲ. ನನ್ನ ರೈಫಲ್ಲಿನಲ್ಲಿ ಹಾಗೆ ಆಗುವುದಿಲ್ಲ. ಕುಕ್ಕರನ್ನು ನೆನಪು ಮಾಡಿಕೊಳ್ಳಿ. ಒಳಗೆ ಆವಿ ತುಂಬಿರುವಾಗ ವೆಯ್ಟ್ ಪಕ್ಕನೆ ಎತ್ತಿದರೆ ಭುಸ್ ಅಂತ ಮನೆಯೆಲ್ಲ ಕೇಳುತ್ತದೆ. ಸ್ವಲ್ಪಸ್ವಲ್ಪ ಸಡಿಲಿಸಿದರೆ ಸದ್ದು ಕಡಿಮೆ. ಸೈಲೆನ್ಸರ್ ಒಳಗೆ ಸಾಲಾಗಿ ತಡೆಗಳಿರುತ್ತವೆ. ಮದ್ದು ಉರಿದು ಬರುವ ಬಿಸಿ ಗಾಳಿ ಅಲ್ಲಿ ಸುತ್ತಿ, ತಣ್ಣಗಾಗಿ, ನಿಧಾನಕ್ಕೆ ಹೊರಗೆ ಬರುತ್ತದೆ. ಬೇಟೆಯ ರೈಫಲ್ಲಿನ ಸದ್ದು 160 ಡೆಸಿಬಲ್ ದಾಟುತ್ತದೆ. ಒಳ್ಳೆಯ ಸೈಲೆನ್ಸರ್ 20ರಿಂದ 35 ಡೆಸಿಬಲ್ ಇಳಿಸುತ್ತದೆ. ಇಳಿದ ಮೇಲೂ ಸಾಮಾನ್ಯವಾಗಿ ಉಳಿಯುವುದು 130ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಸದ್ದಿಗಿಂತ ವೇಗವಾಗಿ ಹೋಗುವ ಗುಂಡು ಗಾಳಿ ಸೀಳುವಾಗ ಬರುವ ಚಟ್ ಅನ್ನುವ ಸದ್ದನ್ನು ಯಾವ ಸೈಲೆನ್ಸರೂ ತಡೆಯಲಾರದು. ನಾನು ಹೊಡೆದರೆ ಅರ್ಧ ಮೈಲಿ ಆಚೆಯ ನೆರೆಯವರಿಗೆ ಈಗಲೂ ಕೇಳುತ್ತದೆ.

ಅಷ್ಟು ಇಳಿದು ಏನು ಪ್ರಯೋಜನ ಅನ್ನಬಹುದು. ಹಠಾತ್ತನೆ ಬರುವ ಸದ್ದು 140 ಡೆಸಿಬಲ್ ಮೀರಿದರೆ ಒಂದೇ ಏಟಿಗೆ ಕಿವಿಗೆ ಪೆಟ್ಟಾಗಬಹುದು. ಒಳಕಿವಿಯ ಸಣ್ಣ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸೈಲೆನ್ಸರ್ ತರುವ ವ್ಯತ್ಯಾಸ ಆ ಗೆರೆಯ ಆಚೆ ಈಚೆಯದು. ಮಫ್ ಹಾಕಿಕೊಂಡರೆ ಸಾಲದೇ ಅಂತಲೂ ಕೇಳುತ್ತೀರಿ. ನಾನು ಎರಡನ್ನೂ ಬಳಸುತ್ತೇನೆ, ಎಲ್ಲರೂ ಹಾಗೇ ಮಾಡಬೇಕು. ಆದರೆ ಕತ್ತಲಲ್ಲಿ ಕಿವಿ ಪೂರ್ತಿ ಮುಚ್ಚಿಕೊಂಡರೆ ಜೊತೆಗಾರ ಎಲ್ಲಿದ್ದಾನೆ ಅಂತ ತಿಳಿಯುವುದಿಲ್ಲ, ಅದು ಇನ್ನೂ ಅಪಾಯ. ನಾಯಿಗೆ ಮಫ್ ಇಲ್ಲ. ಅಪ್ಪಯ್ಯನಂಥವರು ಹಾಕಿಕೊಳ್ಳುವುದಿಲ್ಲ. ಫಿನ್‌ಲೆಂಡ್, ನಾರ್ವೆಯಂಥ ದೇಶಗಳಲ್ಲಿ ಬಂದೂಕಿನ ಕಾನೂನು ಇಲ್ಲಿಗಿಂತ ಬಿಗಿ. ಅಲ್ಲಿ ಬೇಟೆಗಾರರು ಸೈಲೆನ್ಸರ್ ಬಳಸುವುದು ಮಾಮೂಲು.

ನಿಮ್ಮ ಭಯ ಬರೀ ಸಿನಿಮಾದಿಂದ ಬಂದದ್ದು ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. 2019ರ ಮೇ 31ರಂದು ವರ್ಜೀನಿಯಾ ಬೀಚ್‌ನಲ್ಲಿ ಒಬ್ಬ ಹನ್ನೆರಡು ಜನರನ್ನು ಕೊಂದ. ಅವನ ಪಿಸ್ತೂಲಿಗೆ ಸೈಲೆನ್ಸರ್ ಇತ್ತು. ಆ ಸುದ್ದಿ ಓದಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅದಕ್ಕಾಗಿಯೇ ತಪಾಸಣೆ ಬೇಡ ಅಂತ ನಾನು ಒಂದು ದಿನವೂ ಹೇಳಿಲ್ಲ. ಬೆರಳಚ್ಚು ಕೇಳಲಿ, ನನ್ನ ಹಿನ್ನೆಲೆಯನ್ನು ಹತ್ತು ಸಲ ನೋಡಲಿ. ಅನುಮಾನ ಬಂದರೆ ಇಲ್ಲ ಅನ್ನಲಿ, ಕಾರಣವನ್ನು ಬರೆದು ಕೊಡಲಿ. ಆದರೆ ನನ್ನ ಅರ್ಜಿ ಹತ್ತು ತಿಂಗಳು ಕಾದದ್ದು ಯಾರೋ ಹತ್ತು ತಿಂಗಳು ನನ್ನನ್ನು ಪರೀಕ್ಷಿಸಿದರು ಅಂತ ಅಲ್ಲ. ಅದು ಸಾಲಿನಲ್ಲಿ ಸುಮ್ನೆ ಬಿದ್ದಿತ್ತು. ಬಿದ್ದಿರುವ ಫೈಲು ಯಾವ ಮಗುವನ್ನೂ ಕಾಪಾಡುವುದಿಲ್ಲ, ಅಲ್ವಾ ಅಕ್ಕಾ?

2024ರಲ್ಲಿ ಒಂದು ವಿಷಯ ಕಣ್ಣಾರೆ ಕಂಡೆವು. ಅರ್ಜಿ ನೋಡುವ ಕ್ರಮ ಸುಧಾರಿಸಿದ ಮೇಲೆ ಹಲವರಿಗೆ ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು. ಅದೇ ಫಾರಂ, ಅದೇ ಬೆರಳಚ್ಚು, ಅದೇ ತಪಾಸಣೆ. ಬೇಗ ಮಾಡಲು ಆಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅದು ಕಾನೂನಿನ ಮಾತಲ್ಲ, ಕಚೇರಿಯ ಒಳ್ಳೆಯ ದಿನಗಳ ಮಾತು. ಸಾಲು ಉದ್ದವಾದರೆ ಮತ್ತೆ ಮೊದಲಿನಂತೆ.

2025ರ ಜುಲೈ 4ರಂದು ಸಹಿಯಾದ ದೊಡ್ಡ ತೆರಿಗೆ ಕಾನೂನಿನಲ್ಲಿ, 1934ರಿಂದ ಕದಲದೆ ಇದ್ದ ಆ 200 ಡಾಲರನ್ನು ಸೈಲೆನ್ಸರಿನ ಮಟ್ಟಿಗೆ ಸೊನ್ನೆ ಮಾಡಿದರು. 2026ರ ಜನವರಿ 1ರಿಂದ ಜಾರಿ. ನೋಂದಣಿಯನ್ನೂ ತೆಗೆಯುವ ಪ್ರಯತ್ನ ನಡೆದಿತ್ತು. ಬಜೆಟ್ ಮಸೂದೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ಸೆನೆಟ್ಟಿನ ನಿಯಮ ಹೇಳುವ ಅಧಿಕಾರಿ ತಡೆದರು. ಹಾಗಾಗಿ ಹಣ ಹೋಯಿತು, ಕಾಯುವುದು ಉಳಿಯಿತು. ಜನವರಿ ಮೊದಲ ವಾರವೇ ನಾನು ಎರಡನೇ ಅರ್ಜಿ ಹಾಕಿದೆ, ಈ ಸಲ ಮಗನಿಗೆ ಗುರಿ ಹೊಡೆಯುವುದನ್ನು ಕಲಿಸಲು ಇಟ್ಟಿರುವ ಚಿಕ್ಕ ರೈಫಲ್ಲಿಗೆ. ಯುಗಾದಿ ಕಳೆದರೂ ಅದೇ ಸಾಲು ಕಾಣಿಸುತ್ತಿದೆ, "ಪರಿಶೀಲನೆಯಲ್ಲಿದೆ".

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಲ್ಲಿ ಮತ ಹಾಕುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ನಿಮ್ಮ ಕಾಂಗ್ರೆಸ್ ಸದಸ್ಯರಿಗೆ, ಇಬ್ಬರು ಸೆನೆಟರುಗಳಿಗೆ ಒಂದು ಪತ್ರ ಬರೆಯಿರಿ. ಸೈಲೆನ್ಸರನ್ನು ಮೆಷಿನ್ ಗನ್ನಿನ ಸಾಲಿನಿಂದ ತೆಗೆದು ಸಾಮಾನ್ಯ ರೈಫಲ್ಲಿನ ಸಾಲಿಗೆ ಸೇರಿಸಿ, ರೈಫಲ್ಲಿಗೆ ಮಾಡುವ ತಪಾಸಣೆಯನ್ನೇ ಇದಕ್ಕೂ ಮಾಡಿ ಎಂದು ಕೇಳಿ. ಹಿಯರಿಂಗ್ ಪ್ರೊಟೆಕ್ಷನ್ ಆ್ಯಕ್ಟ್ ಎಂಬ ಮಸೂದೆ 2015ರಲ್ಲೇ ಮೊದಲು ಬಂದಿತ್ತು, ಅದು ಕೇಳುವುದೂ ಇದನ್ನೇ. ಅಷ್ಟು ಒಪ್ಪಲು ಮನಸ್ಸಾಗದಿದ್ದರೆ ಇಷ್ಟನ್ನಾದರೂ ಕೇಳಿ: ಅರ್ಜಿ ತಲುಪಿದ 30 ದಿನದೊಳಗೆ ಉತ್ತರ ಕೊಡಬೇಕು, ಇಲ್ಲ ಅಂದರೆ ಕಾರಣ ಬರೆಯಬೇಕು ಎಂದು ಕಾನೂನಿನಲ್ಲೇ ಸೇರಿಸಲಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮ್ಯಾಸಚೂಸೆಟ್ಸ್‌ನಲ್ಲಿ ಇರುವವರಿಗೆ ಇದು ದೂರದ ಮಾತು ಅನ್ನಿಸಬಹುದು. ಸಾಮಾನ್ಯ ಜನ ಸೈಲೆನ್ಸರ್ ಇಟ್ಟುಕೊಳ್ಳಲು ಬಿಡದ ಎಂಟು ರಾಜ್ಯಗಳಲ್ಲಿ ಅವು ಐದು, ನಮ್ಮವರು ಜಾಸ್ತಿ ಇರುವುದೂ ಅಲ್ಲೇ. ಆದರೂ ಫೆಡರಲ್ ಕಾನೂನಿಗೆ ನಿಮ್ಮ ಸೆನೆಟರ್ ಕೂಡ ಮತ ಹಾಕುತ್ತಾರೆ.

ನಮ್ಮ ಊರಿನವರಿಗೆ ಇನ್ನೊಂದು ಮಾತು. ಬರುವ ತಿಂಗಳ ಮೊದಲ ಶನಿವಾರ ಬೆಳಗ್ಗೆ ನಾನು ಜಮೀನಿನಲ್ಲಿ ಇರುತ್ತೇನೆ. ಬಂದು ಕೇಳಿ. ಮೊದಲು ಸೈಲೆನ್ಸರ್ ಇಲ್ಲದೆ ಒಂದು ಗುಂಡು, ಆಮೇಲೆ ಹಾಕಿಕೊಂಡು ಒಂದು. ಎಲ್ಲರಿಗೂ ಸಾಕಾಗುವಷ್ಟು ಮಫ್ ತಂದಿಟ್ಟಿದ್ದೇನೆ, ಮಕ್ಕಳ ಅಳತೆಯವೂ ಇವೆ. ಅಕ್ಕಾ, ನೀವೂ ಬನ್ನಿ. ಬಂದೂಕಿನ ಹತ್ತಿರ ಬರುವುದು ಬೇಡ ಅನ್ನಿಸಿದರೆ ವರಾಂಡದಲ್ಲೇ ಕೂರಿ. ಅಪ್ಪಯ್ಯ ಮತ್ತೆ ಬಂದಿದ್ದಾರೆ, ಅವರೂ ಅಲ್ಲೇ ಕೂತಿರುತ್ತಾರೆ. ಮಾತಾಡಿಸುವಾಗ ಅವರ ಬಲಗಡೆ ಕೂತುಕೊಳ್ಳಿ.

ಇತಿ,
ಟೆಕ್ಸಾಸ್‌ನಲ್ಲಿರುವ ಕೊಪ್ಪದ ಕಡೆಯವನೊಬ್ಬ